ಅರ್ಧ ಬೆಲೆಯ ಸೋಪು

ಜನವರಿ 30, ಭಾನುವಾರ, ಬೆಳಿಗ್ಗೆ 7
ಐದು ಪೇಪರ್ ಬಂದಿವೆ. ಐದರಲ್ಲೂ ಅದೇ ರಿಯಾಯಿತಿ ಕೂಪನ್ ಹಾಳೆಗಳು. ಕತ್ತರಿಸಿದ್ದು ಅರ್ಧ ಆಗಿದೆ. ಮೇಜಿನ ತುಂಬ ಚೂರು. ಗಂಡ ಡ್ವೇನ್ ನಿಂತುಕೊಂಡೇ ಕಾಫಿ ಕುಡಿದ.
"ಮಾರ್ಲೀನ್, ಒಂದು ತಟ್ಟೆ ಇಡೋಷ್ಟಾದ್ರೂ ಜಾಗ ಬಿಡು."
"ಸಿಂಕ್ ಹತ್ರ ಇದೆಯಲ್ಲ."
ಅವನ ಕಾರ್ಖಾನೆಯಲ್ಲಿ ಅಕ್ಟೋಬರ್‌ನಿಂದ ವಾರಕ್ಕೆ ಮೂರೇ ದಿನ ಕೆಲಸ. ಆಗ ಶುರು ಮಾಡಿದ್ದು ಇದನ್ನು. ಮೊದಲ ತಿಂಗಳೇ ಸಾಮಾನಿನ ಬಿಲ್ ಅರ್ಧಕ್ಕಿಳಿಯಿತು.
ತಂಗಿ ಗ್ಲೆನಾ ಭಾನುವಾರ ಚರ್ಚ್ ಮುಗಿಸಿ ಬರುತ್ತಿದ್ದಳು, ಪ್ಯಾನ್‌ಕೇಕ್ ತಿನ್ನಲು. ಹನ್ನೆರಡು ವರ್ಷದ ರೂಢಿ. ಸದ್ಯಕ್ಕೆ ಬೇಡ ಅಂದೆ, ಮೇಜು ಖಾಲಿ ಇರುವುದಿಲ್ಲ. "ಆಯ್ತು ಅಕ್ಕಾ" ಅಂದಳು. ಅಷ್ಟೇ.

ಫೆಬ್ರವರಿ 16, ಬುಧವಾರ
ಬುಧವಾರ ಅಂಗಡಿಯಲ್ಲಿ ಕೂಪನ್‌ಗೆ ಎರಡರಷ್ಟು ರಿಯಾಯಿತಿ. ಇಪ್ಪತ್ತು ಟೂತ್‌ಪೇಸ್ಟ್ — ಪೂರ್ತಿ ಬಿಟ್ಟಿ. ಒಂದು ಕೂಪನ್ ಅವಧಿ ಮೀರಿದೆ ಎಂದಳು ಕ್ಯಾಷಿಯರ್ ಟ್ರೂಡಿ. ವಾದ ಮಾಡಿದೆ. ಹಿಂದೆ ನಿಂತಿದ್ದವನು, "ತಾಯಿ, ನನ್ನ ಐಸ್‌ಕ್ರೀಮ್ ಕರಗಿ ಹಾಲಾಯ್ತು" ಅಂದ. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಗಲಿ.
ನೆಲಮಾಳಿಗೆಯಲ್ಲಿ ಜೋಡಿಸುವಾಗ ಡ್ವೇನ್ ಮೆಟ್ಟಿಲ ಮೇಲಿಂದ ನೋಡಿದ.
"ನಮ್ಮಿಬ್ರದೂ ಸೇರಿದ್ರೂ ಅರವತ್ತು ಹಲ್ಲಿಲ್ಲ. ಪೇಸ್ಟ್ ಎಪ್ಪತ್ತಿದೆ."
ಇರಬಹುದು. ಆದರೂ ಆ ಸಾಲುಗಳನ್ನು ನೋಡಿದರೆ ಎದೆಯ ಗಾಬರಿ ಇಳಿಯುತ್ತದೆ. ಇದನ್ನು ಅವನಿಗೆ ಹೇಗೆ ಹೇಳುವುದು…

ಏಪ್ರಿಲ್ 12, ಮಂಗಳವಾರ
ಡ್ವೇನ್‌ಗೆ ಮತ್ತೆ ಐದು ದಿನ ಕೆಲಸ. ರಾತ್ರಿ ಊಟಕ್ಕೆ ಕೂತಾಗ ಕೇಳಿದ.
"ಇನ್ನಾದ್ರೂ ನಿಲ್ಲಿಸ್ತೀಯಾ? ವಾರಕ್ಕೆ ಹದಿನೈದು ಗಂಟೆ ಇದಕ್ಕೇ ಹೋಗುತ್ತೆ. ಅಷ್ಟೆಲ್ಲ ಒದ್ದಾಡೋದಕ್ಕೆ ಏನಾದ್ರೂ ಅರ್ಥ ಇದೆಯಾ?"
ಸಿಟ್ಟು ಬಂತು. ಒಂದು ಒಪ್ಪಂದಕ್ಕೆ ಬಂದೆವು. ಹೆಚ್ಚಾದದ್ದನ್ನೆಲ್ಲ ನಮ್ಮ ಗ್ಯಾರೇಜಿನ ಮುಂದೆಯೇ ಮೇಜು ಹಾಕಿ, ಗ್ಯಾರೇಜ್ ಸೇಲ್ ಅಂತ ಅರ್ಧ ಬೆಲೆಗೆ ಮಾರುವುದು. ಹೋದರೆ ಮುಂದುವರಿಸುತ್ತೇನೆ. ಹೋಗದಿದ್ದರೆ ನಿಲ್ಲಿಸುತ್ತೇನೆ.

ಮೇ 21, ಶನಿವಾರ
ಗ್ಯಾರೇಜ್ ಸೇಲ್. ಮಧ್ಯಾಹ್ನದೊಳಗೆ ಮೇಜುಗಳು ಖಾಲಿ. ಎರಡು ಸಲ ನೆಲಮಾಳಿಗೆಯಿಂದ ತಂದು ತುಂಬಿಸಿದೆ.
ಗ್ಲೆನಾ ಬಂದಿದ್ದಳು. ನೋಡಿ ನಾಲ್ಕು ತಿಂಗಳಾಗಿತ್ತು. ಸೊರಗಿದ್ದಾಳೆ — ಡಯಟ್ ಇರಬೇಕು. ಬಟ್ಟೆ ಸೋಪಿನ ಡಬ್ಬಿ ಎತ್ತಿದಳು, ಇಟ್ಟಳು, ಮತ್ತೆ ಎತ್ತಿದಳು.
"ಅಕ್ಕಾ… ಇದು…"
"ಬೆಲೆ ಚೀಟಿ ಮೇಲಿದೆಯಲ್ಲೇ. ತಂಗಿ ಅಂತ ರಿಯಾಯಿತಿ ಗಿಯಾಯಿತಿ ಇಲ್ಲ ಮತ್ತೆ."
ನಕ್ಕಳು. ಒಂದು ಡಬ್ಬಿ, ಎರಡು ಶಾಂಪೂ. ಚಿಲ್ಲರೆಯಲ್ಲೇ ಕೊಟ್ಟಳು. ಅವಳ ಹಿಂದೆ ಜನರ ಸಾಲಿತ್ತು, ಕೂರು ಅನ್ನಲಾಗಲಿಲ್ಲ.
ಒಟ್ಟಿನಲ್ಲಿ ಗೆದ್ದೆ.

ಜೂನ್ 9, ಗುರುವಾರ
ಅಂಗಡಿಗೆ ಹೋಗಿದ್ದೆ.
ಟ್ರೂಡಿ ಬಿಲ್ ಹಾಕುತ್ತ ಹೇಳಿದಳು: "ನಿಮ್ಮ ತಂಗಿ ನಿನ್ನೆ ಬಂದಿದ್ರು. ಪಾಪ, ಸೋಪು, ಪ್ಯಾಡು ಎಲ್ಲ ವಾಪಸ್ ಇಟ್ರು. ಸರ್ಕಾರದ ಕಾರ್ಡಲ್ಲಿ ತಿನ್ನೋ ಸಾಮಾನು ಮಾತ್ರ ಬರೋದು ನೋಡಿ."
"ಯಾವ ಕಾರ್ಡು?"
ಅವಳ ಕೈ ನಿಂತಿತು. "ನಿಮಗೆ ಗೊತ್ತಿಲ್ವಾ? ಅವರು ಕೆಲಸ ಮಾಡ್ತಿದ್ದ ಹಲ್ಲಿನ ಡಾಕ್ಟರ್ ಕ್ಲಿನಿಕ್ ಮುಚ್ಚಿ ಐದು ತಿಂಗಳಾಯ್ತಲ್ಲ."
ಐದು ತಿಂಗಳು. ಜನವರಿ.
ತಳ್ಳುಗಾಡಿ ಅಲ್ಲೇ ಬಿಟ್ಟು ಬಂದೆ. ಕೂಪನ್ ಫೈಲೂ ಅಲ್ಲೇ.

ಜೂನ್ 11, ಶನಿವಾರ
ಕಾರಿನಲ್ಲಿ ನಾಲ್ಕು ಪೆಟ್ಟಿಗೆ ತುಂಬಿಕೊಂಡು ಗ್ಲೆನಾ ಮನೆಗೆ ಹೋದೆ. ಬಾಗಿಲಲ್ಲೇ ನಿಂತಳು.
"ಗ್ಯಾರೇಜ್ ಸೇಲ್ ಮುಗೀತಲ್ಲ ಅಕ್ಕಾ."
"ನನಗೆ ಒಂದು ಮಾತು ಹೇಳಬಾರದಿತ್ತಾ?"
"ಹೇಳೋಕೇ ಬಂದಿದ್ದೆ ಅವತ್ತು. ಕೊಂಡ್ಕೊಳ್ಳೋಕಲ್ಲ. ದಾರಿ ಉದ್ದಕ್ಕೂ ಮಾತು ಜೋಡಿಸ್ಕೊಂಡು ಬಂದಿದ್ದೆ. ನೀನು ಚೀಟಿ ನೋಡು ಅಂದೆ."
"ತಮಾಷೆಗೆ ಅಂದಿದ್ದು ಕಣೇ."
"ದುಡ್ಡು ತಗೊಂಡ್ಯಲ್ಲ."
ಪೆಟ್ಟಿಗೆಗಳನ್ನು ಬಾಗಿಲ ಬಳಿ ಇಳಿಸಿದೆ.
ಒಂದು ಪೆಟ್ಟಿಗೆ ಇಟ್ಟುಕೊಂಡಳು. ಬೇಡ ಅನ್ನುವ ಸ್ಥಿತಿಯಲ್ಲಿರಲಿಲ್ಲ. ಪೂರ್ತಿ ಬೇಡ ಅಂದಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಒಳಗೆ ಕರೆಯಲಿಲ್ಲ.

ಜುಲೈ 23, ಶನಿವಾರ
ನೆಲಮಾಳಿಗೆ ಖಾಲಿ ಮಾಡಿದೆವು. ಎಲ್ಲ ಚರ್ಚಿನವರು ಬಡವರಿಗೆ ಸಾಮಾನು ಹಂಚುವ ಕೋಣೆಗೆ. ಮೂರು ಟ್ರಿಪ್. ಅಲ್ಲೊಬ್ಬಳು ಎಳೆ ಕೂಸು ಎತ್ತಿಕೊಂಡು ನಿಂತಿದ್ದಳು. "ಸೋಪು ಎರಡು ತಗೋಬಹುದಾ?" ಅಂತ ಕೇಳಿದಳು. ಎಷ್ಟು ಬೇಕೋ ತಗೋಮ್ಮಾ ಅಂದೆ. ಗುರುತಿಲ್ಲದವಳಿಗೆ ಎಷ್ಟು ಸಲೀಸಾಗಿ ಬಂತು ಆ ಮಾತು.
ನಾಲ್ಕು ಪೇಪರ್ ನಿಲ್ಲಿಸಿದೆ. ಒಂದೇ ಇರಲಿ.
ದಾರಿಯಲ್ಲಿ ಡ್ವೇನ್ ಹೇಳಿದ — ಗ್ಲೆನಾಗೆ ಇಂಡಿಯಾನಾ ರಾಜ್ಯದಲ್ಲಿ ಕೆಲಸ ಸಿಕ್ಕಿದೆಯಂತೆ. ಅವನಿಗೆ ಫೋನ್ ಮಾಡಿದ್ದಳು. ನನಗಲ್ಲ.

ಆಗಸ್ಟ್ 28, ಭಾನುವಾರ, ಬೆಳಿಗ್ಗೆ 9
ಗ್ಲೆನಾಳ ಅಂಚೆ ಕಾರ್ಡ್ ಬಂದು ನಾಲ್ಕು ದಿನವಾಯಿತು. ಹೊಸ ವಿಳಾಸ, "ಕೆಲಸ ಪರವಾಗಿಲ್ಲ," ಕೆಳಗೆ ಹೆಸರು. ಇಬ್ಬರ ಹೆಸರಿಗೂ ಬರೆದಿದ್ದಾಳೆ, ಡ್ವೇನ್‌ನದು ಮೊದಲು.
ಕೂಪನ್‌ನಿಂದ ದುಡ್ಡು ಉಳಿದದ್ದು ಸುಳ್ಳಲ್ಲ. ಆ ಚಳಿಗಾಲ ದಾಟಿದ್ದು ಅದರಿಂದಲೇ. ಏಪ್ರಿಲ್‌ನಲ್ಲಿ ಡ್ವೇನ್ ಕೇಳಿದಾಗ ನಿಲ್ಲಿಸಬೇಕಿತ್ತು. ಅಲ್ಲ, ಜನವರಿಯಲ್ಲೇ. ಮೇಜಿನ ಒಂದು ಮೂಲೆ ಬಿಟ್ಟಿದ್ದರೂ ಸಾಕಿತ್ತು.
ಅವಳಿಗೆ ಮೂರು ಕಾಗದ ಬರೆದು ಹರಿದೆ. ಮೂರರಲ್ಲೂ "ತಮಾಷೆಗೆ" ಎಂಬ ಮಾತು ಬಂದುಬಿಟ್ಟಿತು. ಅದಿಲ್ಲದೆ ಬರೆಯಬೇಕು. ಮೊದಲು ಇಲ್ಲೇ ಬರೆದು ನೋಡುತ್ತೇನೆ.
ಗ್ಲೆನಾ, ಅವತ್ತು ಚಿಲ್ಲರೆಯನ್ನು ನೀನು ಮೂರು ಸಲ ಎಣಿಸಿದೆ. ನನಗೆ ಕಂಡಿತ್ತು. ಕಂಡರೂ ನಾನು ದುಡ್ಡು ತೆಗೆದುಕೊಂಡೆ.