ಅಕ್ಕ ಮಾಡಿಟ್ಟ ಕೊನೆಯ ಜಾಮ್

ಪ್ರೀತಿಯ ಅಕ್ಕ,

ನೀನು ತೀರಿಕೊಂಡ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರವಿದು, ಅದೂ ಒಂದು ಜಾಮ್ ಬಾಟಲಿಯ ವಿಷಯಕ್ಕೆ. ನೀನು ಕೊನೆಯದಾಗಿ ಮಾಡಿಟ್ಟ ಕಿತ್ತಳೆ ಜಾಮ್‌ಗೆ ಬೂಸ್ಟು ಹಿಡಿದಿದೆ. ಭಾವ ದಿನಾ ಅದನ್ನು ಚಮಚದಲ್ಲಿ ಕೆರೆದು ತೆಗೆದು, ಉಳಿದದ್ದನ್ನು ಬ್ರೆಡ್ಡಿಗೆ ಹಚ್ಚಿಕೊಂಡು ತಿನ್ನುತ್ತಾರೆ. ಬೂಸ್ಟೇ ಭಾವನಿಗೆ ಟೇಸ್ಟು ಎಂದು ನಾನು ನಕ್ಕಿದ್ದೆ. ಹೋದ ವಾರ ಅವರು ವಾಂತಿಯಾಗಿ ಆಸ್ಪತ್ರೆ ಸೇರಿದಾಗ ಆ ನಗು ನಿಂತಿತು.

"ಮೇಲೆ ಕೆರೆದರೆ ಹೋಗಲ್ಲ, ಅದರ ವಿಷ ಕಣ್ಣಿಗೆ ಕಾಣದ ಹಾಗೆ ಒಳಗೂ ಇಳಿದಿರುತ್ತೆ. ಹೀಗೇ ತಿಂತಾ ಇದ್ರೆ ಲಿವರ್ ಕೈಕೊಡುತ್ತೆ," ಎಂದರು ಡಾಕ್ಟರು.

"ನಮ್ಮನೆಯವಳು ಕೆರೆದೇ ಕೊಡ್ತಿದ್ದಳು. ಈಗಲೂ ಹಾಗೇ ತಿನ್ನಿ ಅಂತಾಳೆ," ಎಂದರು ಭಾವ.

ಡಾಕ್ಟರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ.

ನಾನೇ ಎಸೆದುಬಿಡೋಣ ಎಂದು ಇವತ್ತು ಬಾಟಲಿಯನ್ನು ಕಸದ ಬುಟ್ಟಿಯವರೆಗೂ ಒಯ್ದೆ. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಬೆನ್ನ ಹಿಂದೆ ನಿನ್ನದೇ ದನಿ, "ಬಿಡೇ ಗಿಡ್ಡಿ, ಕೆರೆದರೆ ಸಾಕು."

ಬಾಟಲಿಯನ್ನು ಇದ್ದಲ್ಲೇ ಇಟ್ಟು ಬಂದೆ.

ಬದುಕಿದ್ದಾಗ ಹೇಳಿದ್ದು ಹೇಳಿದೆ, ಈಗ ಆ ಮಾತನ್ನು ವಾಪಸು ತಗೋ ಅಕ್ಕ. ನಾಳೆ ಭಾವ ಚಮಚ ಹಿಡಿದಾಗ ಬೇಡ ಅನ್ನು. ಅವರಿಗೆ ಹೇಳುವಾಗ ನನಗೂ ಕೇಳುವ ಹಾಗೆ ಹೇಳು.

ಇಂತಿ ನಿನ್ನ ತಂಗಿ,
ಗಿಡ್ಡಿ