ಕೌಂಟರ್ ದೃಶ್ಯದಲ್ಲಿ ನಕ್ಕವರು

ಮಾರ್ಚ್ 3, ಮಂಗಳವಾರ

ಮತ್ತೆ ಎಡಿಟಿಂಗ್ ರೂಮು. ಎಸಿ ಕೆಟ್ಟಿದೆ. ಕಿಟಕಿ ತೆರೆದರೆ ಕೆಳಗಿನ ಗ್ಯಾರೇಜಿನ ಸುತ್ತಿಗೆ ಸದ್ದು. ಎಡಿಟರ್ — ನಾವೆಲ್ಲ ಅವನನ್ನು ಕತ್ತರಿ ಎಂದೇ ಕರೆಯುವುದು — ಕೌಂಟರ್ ದೃಶ್ಯಕ್ಕೆ ವಯಲಿನ್ ಹಾಕಿ ಕೇಳಿಸಿದ. ಹಂಚಿಕೆದಾರರ ಅಪ್ಪಣೆಯಂತೆ.

ದೃಶ್ಯ ಇಷ್ಟೇ. ಸರ್ಕಾರಿ ಕಚೇರಿ. ಕೌಂಟರಿನ ಹೊರಗೆ ಮುದುಕಿ, ನಮ್ಮ ಮೈಬಣ್ಣದವಳು. ಒಳಗೆ ಗುಮಾಸ್ತ, ಅವರ ಬಣ್ಣದವನು. ವಿಳಾಸ ಕೇಳಿದರೆ ವಯಸ್ಸು ಹೇಳುತ್ತಾಳೆ. ವಯಸ್ಸು ಕೇಳಿದರೆ ಮಂಡಿ ನೋವು. ಅವನ ಭಾಷೆಯೇ ಬಾರದವಳ ಹಾಗೆ. ಕೊನೆಗೆ ಅವನಿಗೇ ಸಾಕಾಗಿ, ಒಂದೂ ದಾಖಲೆ ನೋಡದೆ ಠಸ್ಸೆ ಒತ್ತಿ ಕಳಿಸುತ್ತಾನೆ. ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಡುತ್ತಾಳೆ.

ಅವಳಿಗೆ ಎಲ್ಲ ಅರ್ಥವಾಗುತ್ತದೆ ಎಂದು ನಾನು ಎಲ್ಲೂ ಹೇಳಿಲ್ಲ. ಗೊತ್ತಿದ್ದವರಿಗೆ ಗೊತ್ತು. ಅಮ್ಮ ಈ ಆಟ ಆಡಿಯೇ ನಮ್ಮನ್ನು ಸಾಕಿದ್ದು.

ಸಂಜೆ ಹಂಚಿಕೆದಾರರ ಫೋನು. "ಮೇಡಂ, ನಿಮ್ಮ ಮೊದಲ್ನೇ ಸಿನಿಮಾ ನೋಡಿದ್ದು ಯಾರು ಹೇಳಿ? ಓದಿರೋರು, ಚಿಕ್ಕ ವಯಸ್ಸಿನೋರು, ನಮ್ಮ ಬಣ್ಣದೋರು. ನಿಮ್ಮ ಜನ ಈ ಕಡೆ ತಲೆ ಹಾಕಿ ಮಲಗ್ಲಿಲ್ಲ. ಬರೋರಿಗೆ ಅಳೋಕೆ ಒಂದು ಜಾಗ ಬೇಡ್ವಾ?"

ಸುಳ್ಳಲ್ಲ. ಅದಕ್ಕೇ ಸಿಟ್ಟು. ಪ್ರಿವ್ಯೂ ಒಂದನ್ನಾದರೂ ವಯಲಿನ್ ಇಲ್ಲದೆ ತೋರಿಸೋಣ ಎಂದೆ. ಒಪ್ಪಿದರು. ಹಾಲ್ ತುಂಬ ಎಲ್ಲ ಥರದವರೂ ಇರಲಿ ಎಂದೆ. ಅದಕ್ಕೂ ಒಪ್ಪಿದರು, ನಗುತ್ತಾ.

ಮಾರ್ಚ್ 8, ಭಾನುವಾರ

ಪ್ರಿವ್ಯೂ ಇವತ್ತು. ಅಮ್ಮ ನೆರೆಮನೆಯ ಹೆಂಗಸರನ್ನೆಲ್ಲ ಹೊರಡಿಸಿದ್ದಾಳೆ. "ನನ್ ಮಗಳ ಪಿಚ್ಚರ್ರು, ಬರ್ದೇ ಇದ್ರೆ ನೋಡಿ ಮತ್ತೆ!" ನನ್ನ ಮಗಳು ಕಾಲೇಜಿನ ಗೆಳತಿಯರ ಜೊತೆ ಬೇರೆಯಾಗಿ ಬರುತ್ತಾಳಂತೆ. ಅಜ್ಜಿಯ ಹಿಂದಿನ ಸಾಲೇ ಸಿಕ್ಕಿದೆ.

ಮಾರ್ಚ್ 12, ಗುರುವಾರ

ಇಷ್ಟು ದಿನ ಬರೆಯಲು ಕೈ ಬರಲಿಲ್ಲ.

ಪ್ರಿವ್ಯೂ ದಿನ ನಾನು ಬಾಗಿಲ ಬಳಿ ನಿಂತಿದ್ದೆ. ಕೌಂಟರ್ ದೃಶ್ಯ ಬಂತು. ವಿಳಾಸ ಕೇಳಿದರೆ ವಯಸ್ಸು ಹೇಳಿದಳಲ್ಲ, ಅಲ್ಲಿ ಅಮ್ಮನ ಸಾಲು ಕಿಸಕ್ ಎಂದಿತು. ಮಂಡಿ ನೋವಿಗೆ ಬರುವ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ನಗು. ನಾನು ಬಯಸಿದ್ದ ನಗು. ಎರಡು ವರ್ಷದಿಂದ ಕಿವಿಯಲ್ಲಿ ಇಟ್ಟುಕೊಂಡಿದ್ದ ನಗು.

ಉಳಿದ ಹಾಲ್ ಕಲ್ಲು. ಒಬ್ಬಳು ಮೂಗು ಒರೆಸಿಕೊಳ್ಳುತ್ತಿದ್ದಳು. ಯಾರೋ ಕನ್ನಡಕದವರು ತಿರುಗಿ, "ಛೆ, ಮನುಷ್ಯತ್ವ ಇಲ್ವಾ?" ಎಂದರು. ನಗು ನಿಲ್ಲಲಿಲ್ಲ. ಆಮೇಲೆ ಇನ್ನೊಂದು ದನಿ. ಸಣ್ಣಗೆ, ಹಲ್ಲು ಕಚ್ಚಿಕೊಂಡು.

"ಶ್! ಸುಮ್ನಿರು ಸಾಕು. ಮಾನ ಹೋಗ್ತಿದೆ."

ಹೆತ್ತವಳಿಗೆ ಮಗಳ ದನಿ ಗೊತ್ತಾಗದೇ?

ಅಮ್ಮನ ನಗು ಅರ್ಧಕ್ಕೇ ನಿಂತಿತು. ಸ್ವಲ್ಪ ಹೊತ್ತು ಕೂತಿದ್ದಳು. ಆಮೇಲೆ ಎದ್ದಳು. ಅವಳ ಹಿಂದೆ ಇಡೀ ಸಾಲು ಎದ್ದಿತು. ನನ್ನ ಮುಂದೆಯೇ ಹಾದು ಹೋದಳು. "ಕಾಲು ಹಿಡ್ಕೊಂಡ್ತು ಕಣೇ," ಎಂದಳು. ಮುಖ ನೋಡದೆ.

ಸಿನಿಮಾ ಮುಗಿದ ಮೇಲೆ ಹಂಚಿಕೆದಾರರು ಹೆಗಲು ತಟ್ಟಿದರು. "ನೋಡಿದ್ರಾ? ವಯಲಿನ್ ಇದ್ದಿದ್ರೆ ಯಾರೂ ನಗ್ತಾನೇ ಇರ್ಲಿಲ್ಲ."

ಮಾರ್ಚ್ 13, ಶುಕ್ರವಾರ

ಮನೆಯಲ್ಲಿ ಮೂವರು. ಪಾತ್ರೆಗಳೇ ಮಾತಾಡುತ್ತಿವೆ. ಅಮ್ಮ ಮಾತ್ರ ಒಮ್ಮೆ ಅಡುಗೆಮನೆಯಲ್ಲಿ, ನಲ್ಲಿ ಬಿಟ್ಟುಕೊಂಡು, "ಮಗೂನ ಏನೂ ಕೇಳ್ಬೇಡ," ಎಂದಳು.

ಕೇಳಿಯೇ ಬಿಟ್ಟೆ. ಮಗಳು ಬಟ್ಟೆ ಒಣಗಿಸುತ್ತಿದ್ದಳು ಬಾಲ್ಕನಿಯಲ್ಲಿ.

"ಅಜ್ಜಿಗೆ ಯಾಕೆ ಹಾಗಂದೆ?"

"ಎಲ್ರೂ ನೋಡ್ತಿದ್ರು."

"ನೋಡ್ಲಿ. ಅದು ನಗೋ ಸೀನು. ನಿಂಗೂ ಗೊತ್ತು."

ಕ್ಲಿಪ್ಪು ಕೈಯಲ್ಲೇ ಹಿಡಿದು ತಿರುಗಿದಳು. "ಅಮ್ಮಾ, ನಿಂಗೆ ಒಂದೇ ನಗು ಗೊತ್ತಿರೋದು. ಕ್ಲಾಸಲ್ಲಿ ಅಜ್ಜಿ ಥರಾನೇ ಮಾತಾಡಿ ತೋರಿಸ್ತಾರೆ. ನನ್ನೆದುರಿಗೇ. ಎಲ್ರೂ ನಗ್ತಾರೆ. ನಾನೂ ನಗ್ತೀನಿ, ಇನ್ನೇನ್ ಮಾಡ್ಲಿ? ಅವತ್ತು ಅದೇ ಹುಡುಗೀರು ನಗ್ಲಿಲ್ಲ. ಮೊದಲ್ನೇ ಸಲ. ಕಣ್ಣಲ್ಲಿ ನೀರಿತ್ತು ಗೊತ್ತಾ? ಅಷ್ಟರಲ್ಲಿ ಅಜ್ಜೀನೇ ನಕ್ಬಿಟ್ಲು."

"ಹಾಗಾದ್ರೆ ವಯಲಿನ್ ಇರ್ಲಿ ಅಂತೀಯಾ?"

"ಇರ್ಲಿ. ಅಯ್ಯೋ ಪಾಪ ಅಂತಾದ್ರೂ ಅಂತಾರೆ."

ನಮ್ಮ ಕೇರಿಯ ಶಾಲೆ ಬೇಡವೆಂದು, ಅವರ ಮಕ್ಕಳು ಓದುವಲ್ಲೇ ಓದಲಿ ಎಂದು ಸೇರಿಸಿದವಳು ನಾನು. ಚೆನ್ನಾಗಿಯೇ ಕಲಿತಿದ್ದಾಳೆ.

ಮಾರ್ಚ್ 19, ಗುರುವಾರ

ಹಂಚಿಕೆದಾರರಿಗೆ ನಾಳೆ ಉತ್ತರ ಕೊಡಬೇಕು. ವಯಲಿನ್ ಹಾಕಿದರೆ ಊರಿನ ದೊಡ್ಡ ಹಾಲ್‌ಗಳೆಲ್ಲ. ಇಲ್ಲವಾದರೆ "ನೋಡೋಣ". ಅವರ "ನೋಡೋಣ" ಎಂದರೆ ಎಳ್ಳು ನೀರು ಬಿಟ್ಟ ಹಾಗೆ.

ಮಗಳ ಮಾತು ಮುಳ್ಳಿನ ಹಾಗೆ ಮುರಿದುಕೊಂಡಿದೆ ಒಳಗೆ. ಕನಿಕರ ಸಿಕ್ಕರೆ ಅವಳಿಗೆ ಕಾಲೇಜಿನಲ್ಲಿ ನಾಲ್ಕು ದಿನ ನೆಮ್ಮದಿ. ನಾನು ಮೊದಲು ಅವಳ ತಾಯಿಯೋ, ಅಮ್ಮನ ಮಗಳೋ...

ಲ್ಯಾಪ್‌ಟಾಪ್ ತೆಗೆದು ಅಮ್ಮನ ಎದುರು ಇಟ್ಟೆ. ವಯಲಿನ್ ಇರುವ ದೃಶ್ಯ ಹಾಕಿದೆ. ಪೂರ್ತಿ ನೋಡಿದಳು. ಗಾಬರಿಯಿಂದ ನನ್ನ ಕಡೆ ತಿರುಗಿದಳು.

"ಯಾರೇ ಸತ್ತಿದ್ದು?"

ನಗು ಬಂತು. ತಡೆಯಲಾಗಲಿಲ್ಲ. ಅಮ್ಮ ನಗಲಿಲ್ಲ.

"ಅವಳು ಗೆದ್ಲಲ್ಲೇ," ಎಂದಳು. "ಗೆದ್ದೋಳ ಮುಂದೆ ಯಾಕೆ ಹೀಗೆ ಅಳ್ತಿದೆ ಇದು?"

ಮಾರ್ಚ್ 20, ಶುಕ್ರವಾರ

ಹಂಚಿಕೆದಾರರಿಗೆ ಫೋನು ಮಾಡಿ ಬೇಡ ಎಂದೆ. ವಯಲಿನ್ ಬೇಡ.

"ನಿಮ್ಮಿಷ್ಟ ಮೇಡಂ. ಒಂದೇ ಹಾಲ್, ಬೆಳಗಿನ ಶೋ. ಆಮೇಲೆ ನನ್ನ ಕೇಳ್ಬೇಡಿ."

ಕತ್ತರಿ ಆ ದೃಶ್ಯವನ್ನು ಮೊದಲಿನ ಹಾಗೆ ಮಾಡಿಕೊಟ್ಟ. ತಲೆ ಅಲ್ಲಾಡಿಸಿದ. ಹೊಗಳಿದ್ದೋ ಬೈದಿದ್ದೋ ತಿಳಿಯಲಿಲ್ಲ.

ಮಗಳಿಗೆ ಹೇಳಿದೆ. ಪುಸ್ತಕದಿಂದ ತಲೆ ಎತ್ತಲಿಲ್ಲ. "ಅಜ್ಜಿ ಬರ್ತಾಳಂತಾ?" ಎಂದು ಕೇಳಿದಳು, ಅಷ್ಟೇ.

"ನಾನ್ಯಾಕೆ," ಎಂದಿದ್ದಾಳೆ ಅಮ್ಮ. "ಟೀವೀಲಿ ಬಂದಾಗ ನೋಡ್ತೀನಿ."

ಏಪ್ರಿಲ್ 10, ಶುಕ್ರವಾರ. ಹಾಲ್‌ನ ಮೆಟ್ಟಿಲ ಮೇಲೆ

ಬಿಡುಗಡೆ. ಅರ್ಧ ಹಾಲ್ ಖಾಲಿ. ನಮ್ಮ ಬಣ್ಣದವರು ಎಡಕ್ಕೆ, ಅವರು ಬಲಕ್ಕೆ — ಯಾರೂ ಹೇಳಿ ಕೂರಿಸಿದ್ದಲ್ಲ. ಮುಂದೆ ಒಂದಿಷ್ಟು ಕಾಲೇಜಿನವರು.

ದೀಪ ಆರಿದ ಮೇಲೆ ಇಬ್ಬರು ಒಳಗೆ ಬಂದರು. ಅಮ್ಮ. ಅವಳ ತೋಳು ಹಿಡಿದುಕೊಂಡು ಮಗಳು. ನಡುವಿನ ಸಾಲಿನಲ್ಲಿ ಕೂತರು. ಗೋಡೆಗೆ ಒರಗಿದೆ.

ಕೌಂಟರ್ ದೃಶ್ಯ. ವಿಳಾಸ. ವಯಸ್ಸು. ಎಡಗಡೆ ಒಂದೆರಡು ಕಡೆ ಸಣ್ಣ ನಗು. ಅಮ್ಮನ ಕಡೆಯಿಂದ ಏನೂ ಇಲ್ಲ. ಬೆಳಕು ಅವಳ ಮುಖದ ಮೇಲೆ ಬಿತ್ತು. ಬಾಯಿಗೆ ಅಂಗೈ ಒತ್ತಿ ಹಿಡಿದಿದ್ದಳು. ಭುಜ ಕುಲುಕುತ್ತಿತ್ತು. ನಗುವಿನ ಶಬ್ದ ಮಾತ್ರ ಹೊರಗೆ ಬಿಡುತ್ತಿಲ್ಲ.

ಮಗಳು ಪರದೆ ನೋಡುತ್ತಿಲ್ಲ. ಅಜ್ಜಿಯನ್ನೇ ನೋಡುತ್ತಿದ್ದಾಳೆ. ಕಾಯುತ್ತಿದ್ದಾಳೆ.

ಮಂಡಿ ನೋವು ಬಂತು. ಆಗ ಮಗಳು ನಕ್ಕಳು. ಗಟ್ಟಿಯಾಗಿ. ನಾಟಕದ ನಗು, ಕಿವಿಗೆ ಕೆಟ್ಟದಾಗಿತ್ತು. ಮುಂದಿನ ಸಾಲಿನ ತಲೆಗಳೆಲ್ಲ ತಿರುಗಿದವು. ಅವುಗಳಲ್ಲಿ ಅವಳ ಕ್ಲಾಸಿನವರೂ ಇದ್ದರು. ನಿಲ್ಲಿಸಲಿಲ್ಲ. ಅವರ ಮುಖ ನೋಡುತ್ತಲೇ ಮತ್ತೂ ನಕ್ಕಳು, ಕಣ್ಣಲ್ಲಿ ನೀರು ಬರುವವರೆಗೆ.

ಅಮ್ಮ ಅವಳ ತೊಡೆ ಚಿವುಟಿದಳು. "ಸುಮ್ನಿರೇ, ಎಲ್ರೂ ನೋಡ್ತಾರೆ!"

"ನೋಡ್ಲಿ," ಎಂದಳು ಮಗಳು.

ಹೊರಗೆ ಬಂದುಬಿಟ್ಟೆ. ನಿಲ್ಲಲಾಗಲಿಲ್ಲ. ಇಲ್ಲಿ ಕೂತು ಗೀಚುತ್ತಿದ್ದೇನೆ. ಬಾಗಿಲು ಮುಚ್ಚಿದೆ, ಆದರೂ ಕೇಳುತ್ತಿದೆ. ಈಗ ನಗುತ್ತಿರುವುದು ಒಬ್ಬಳಲ್ಲ. ಆ ಒಡಕು ದನಿ ಅಮ್ಮನದೇ. ಜೊತೆಗೆ ಇನ್ನೂ ಯಾರೋ, ಬಲಗಡೆಯಿಂದಲೋ ಏನೋ, ಯಾವ ನಗು ಅದು, ಮಗಳು ಹೇಳಿದ ಕ್ಲಾಸಿನ ಅಣಕದ ನಗುವೋ, ಇಲ್ಲಾ ನಮ್ಮದೇ ನಗುವೋ...