ಉಡಿಯಲ್ಲಿ ಕೊಟ್ಟ ಲಾರಿ

ಶ್ರೀಶೈಲಪ್ಪಣ್ಣಾ,

ತೀರ್ಥರೂಪ ಎಂದು ಒಮ್ಮೆ ಬರೆದೆ. ಬರೆದ ಹಾಳೆಯನ್ನು ಹರಿದು ಒಲೆಗೆ ಹಾಕಿದೆ. ಆ ಶಬ್ದಕ್ಕೆ ನೀನು ತಕ್ಕವನಲ್ಲ. ಇದನ್ನು ಓದುವಾಗ ಅತ್ತಿಗೆ ಶಾಂತಾದೇವಿ ಪಕ್ಕದಲ್ಲಿದ್ದರೆ ಅವಳಿಗೂ ಕೇಳುವಂತೆ ಓದು, ನನಗೇನೂ ನಾಚಿಕೆಯಿಲ್ಲ.

ನಾಗರ ಪಂಚಮಿಗೆ ತವರಿಗೆ ಕರೆಯಲು ಬರುತ್ತೇನೆ, ಆದದ್ದು ಆಗಿಹೋಯಿತು, ಮರೆತುಬಿಡು ಎಂದು ಬರೆದಿದ್ದೀ. ಎಷ್ಟು ಸಲೀಸಾಗಿ ಬರೆದೆ! ನಮ್ಮ ಮನೆಯವರು ಬಲಗಾಲು ಮಡಚಲಾರದೆ ಜಗಲಿಯ ಮೇಲೆ ಕುಳಿತಿದ್ದಾರೆ. ಎದುರಿನ ರಸ್ತೆಯಲ್ಲಿ ಲಾರಿ ಹೋದರೆ ಮುಖ ತಿರುಗಿಸುತ್ತಾರೆ. ನಾನು ಏನನ್ನು ಮರೆಯಬೇಕು, ನೀನೇ ಹೇಳು.

ಅಪ್ಪನ ಹಳೇ ಲಾರಿಯನ್ನು ನನಗೆ ಕೊಡುತ್ತೇನೆ ಎಂದಾಗ ನನಗೆ ಭಾಳ ಸಂತೋಷವಾಗಿತ್ತು. ಹದಿನೆಂಟು ವರ್ಷದ ಗಾಡಿ, ಬ್ರೇಕ್ ಹೊಸದು ಮಾಡಿಸಿಯೇ ಕೊಡುತ್ತೇನೆ ಎಂದು ನನ್ನನ್ನೂ ಬಿಜಾಪುರಕ್ಕೆ ಕರೆದುಕೊಂಡು ಹೋದೆ. ಹೊರಡುವ ಮುಂಚೆ ನಮ್ಮೂರ ಮೌಲಾಲಿ ಮಿಸ್ತ್ರಿಯನ್ನು ಕೇಳಿಕೊಂಡು ಬಂದಿದ್ದೆ. ಗಾಲಿಯೊಳಗಿನ ಕಬ್ಬಿಣದ ಡ್ರಮ್ ದಪ್ಪ ಇರಬೇಕು, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಲೈನರ್ ಕಾದಾಗಲೂ ಜಾರಬಾರದು ಎಂದು ಆತ ಹೇಳಿಕೊಟ್ಟಿದ್ದ. ಅಂಗಡಿಯವನು ಎರಡು ನಮೂನೆಯ ಲೈನರ್ ತೋರಿಸಿದ. ಒಂದು ಗಟ್ಟಿ, ವರ್ಷಗಟ್ಟಲೆ ಬಾಳುತ್ತದೆ. ಇನ್ನೊಂದು ಲಗೂನ ಸವೆಯುತ್ತದೆ, ಆದರೆ ಇಳಿಜಾರಿನಲ್ಲಿ ಕೈಬಿಡುವುದಿಲ್ಲ. ಸವೆದರೆ ಸವೆಯಲಿ, ಹಿಡಿಯುವುದನ್ನೇ ಕೊಡ್ರಿ ಎಂದೆ. ಡ್ರಮ್ಮುಗಳಲ್ಲೂ ಭಾರವಾದವನ್ನೇ ಆರಿಸಿದೆ. ನೀನು ನಕ್ಕು, "ನಮ್ಮ ಗೌರವ್ವ ಜ್ವಾಳ ಆರಿಸಿದಂಗ ಆರಸ್ತಾಳ ನೋಡ್ರಿ" ಎಂದೆ. ನಾನೂ ನಕ್ಕೆ. ಈಗ ಆ ನಗು ನೆನಪಾದರೆ ಮೈ ಉರಿಯುತ್ತದೆ.

ನಮ್ಮ ತವರು ತಿಕೋಂಡಿಯಲ್ಲಿ ಉಡಿ ತುಂಬುವಾಗ ಕುಬಸ, ಕೊಬ್ಬರಿ ಬಟ್ಟಲು, ಅಕ್ಕಿ, ಅದರ ಮೇಲೆ ಲಾರಿಯ ಕೀಲಿ. ಸೆರಗು ಭಾರವಾಗಿತ್ತು. ತವರಿನವರು ತುಂಬಿದ ಉಡಿಯನ್ನು ಕೆದಕಿ ನೋಡಬಾರದು, ಏನು ಕೊಟ್ಟರು ಎಷ್ಟು ಕೊಟ್ಟರು ಎಂದು ತೂಗಬಾರದು ಎಂದು ಅವ್ವ ಕಲಿಸಿದ್ದಳು. ಅದು ನಿನಗೂ ಗೊತ್ತಿತ್ತು. ಗೊತ್ತಿದ್ದೇ ಕೀಲಿಯನ್ನು ಕೈಗೆ ಕೊಡದೆ ಉಡಿಗೆ ಹಾಕಿದೆಯೇನೋ ಎಂದು ಈಗ ಅನಿಸುತ್ತದೆ.

ಮೊದಲ ಲೋಡಿಗೆ ಮುಂಚೆ ಗಾಡಿ ಒಂದು ಹಗಲು ಮೌಲಾಲಿಯ ಶೆಡ್ಡಿನ ಮುಂದೆ ನಿಂತಿತ್ತು. ಆತ ಇಂಜಿನ್ ಆಯಿಲ್ ಬದಲಿಸಿ, ಗಾಲಿ ಬಿಚ್ಚಲು ಜಾಕ್ ತಂದ. ನಾನು ಅಡ್ಡ ನಿಂತೆ.

"ನಮ್ಮಣ್ಣ ಉಡಿಯಾಗ ಹಾಕಿ ಕೊಟ್ಟಾನ. ಬಿಚ್ಚಿ ನೋಡಿದ್ರ ತವರಿನ ಮರ್ಯಾದಿ ಏನ ಉಳೀತೈತಿ?" ಎಂದೆ.

"ಅಕ್ಕಾ, ಉಡಿ ನಿಮ್ದು, ಬ್ರೇಕ್ ಒತ್ತು ಕಾಲು ನಿಮ್ಮ ಮನಿಯವರು ಈಶ್ವರಣ್ಣಂದು. ಒಂದ ಗಾಲಿ ನೋಡೂಣು" ಎಂದ ಮೌಲಾಲಿ.

ಬ್ಯಾಡ ಎಂದೆ. ಆತ ಜಾಕ್ ಒಳಗಿಟ್ಟ. ಇದು ನನ್ನ ತಪ್ಪು, ನಿನ್ನ ಮೇಲೆ ಹಾಕುವುದಿಲ್ಲ. ನಿನ್ನದೇ ನಿನಗೆ ಸಾಕಷ್ಟಿದೆ.

ಮೂರನೇ ತಿಂಗಳಿಗೆ ಸಂಖದ ರಸ್ತೆಯ ಇಳಿಜಾರಿನಲ್ಲಿ ಜಲ್ಲಿ ಖಡಿ ತುಂಬಿದ ಗಾಡಿ ನಿಲ್ಲಲಿಲ್ಲ. ಎದುರಿಗೆ ಕುರಿ ಹಿಂಡು ಇತ್ತಂತೆ. ಮನೆಯವರು ಗಾಡಿಯನ್ನು ಪಕ್ಕದ ದಿಬ್ಬಕ್ಕೆ ಹೊಡೆದರು. ಕುರಿಗಳೂ ಉಳಿದವು, ಕುರುಬನೂ ಉಳಿದ. ಇವರ ಮೊಣಕಾಲು ಪುಡಿಯಾಯಿತು. ಆಮೇಲೆ ಮೌಲಾಲಿ ಗಾಲಿ ಬಿಚ್ಚಿದಾಗ ಡ್ರಮ್ ಸೀಳಿತ್ತು. ನಾನು ಆರಿಸಿದ್ದಲ್ಲ, ಅಪ್ಪನ ಕಾಲದ್ದೇ. ಒಳಮೈ ಹೆರೆಸಲು ಲೇಥಿಗೆ ಹಾಕಿಸಿ ಹಾಕಿಸಿ ತೆಳ್ಳಗಾಗಿತ್ತು.

ನಾನು ತಿಕೋಂಡಿಗೆ ಬಂದು ಕೇಳಿದಾಗ ನೀನು ಸುಳ್ಳು ಹೇಳಲಿಲ್ಲ. ಅದೇ ಹೆಚ್ಚು ಚುಚ್ಚುತ್ತದೆ. "ಹೊಸಾ ಡ್ರಮ್ಮು ನನ್ನ ಗಾಡಿಗಿ ಹಾಕ್ಕೊಂಡೀನಿ. ನಾ ಪುಣೆ ಕಡೆ ಘಾಟ ಇಳಿಯಾಂವ. ನಿಮ್ದು ಊರ ಸುತ್ತ ಅಡ್ಡಾಡು ಗಾಡಿ, ಹಳೇವನ್ನ ಲೇಥಿಗಿ ಹಾಕಿಸಿದ್ರ ಸಾಕಂತ ತಿಳಿದ್ನಿ" ಎಂದೆ. ಅಂದರೆ ಎರಡು ಜೀವಗಳನ್ನು ಎದುರಿಗಿಟ್ಟುಕೊಂಡು ಒಂದನ್ನು ಆರಿಸಿದೆ. ಎಂಟು ದಿನದ ಮೇಲೆ ನೀನೇ ನಮ್ಮ ಉಮದಿಯ ಹೊಟೇಲಿನಲ್ಲಿ ಚಹಾ ಕುಡಿಯುತ್ತ, "ಗಾಡಿ ನಾ ಚಲೋನ ಕೊಟ್ಟಿದ್ನಿ. ಮಿಸ್ತ್ರಿ ಕೈ ಹಚ್ಚಿದ ಮ್ಯಾಲ ಹಿಂಗಾತು" ಎಂದು ಹತ್ತು ಜನರ ಮುಂದೆ ಹೇಳಿ ಬಸ್ಸು ಹತ್ತಿದೆ.

ಜನ ನಂಬಿದರು. ಗಾಡಿ ಅವನ ಶೆಡ್ಡಿನ ಮುಂದೆ ನಿಂತದ್ದನ್ನು ಎಲ್ಲರೂ ನೋಡಿದ್ದರಲ್ಲ! ಮೌಲಾಲಿಯ ಹತ್ತಿರ ಸ್ಕೂಟರ್ ಕೂಡ ಬರುವುದು ನಿಂತಿತು. ಆತ ಒಬ್ಬರ ಎದುರೂ ನನ್ನ ಹೆಸರು ತೆಗೆಯಲಿಲ್ಲ. ನಾನು ನಾಲ್ಕು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ಕುಳಿತೆ. ಬಾಯಿ ಬಿಟ್ಟರೆ ತವರಿನ ಹೆಸರು ಕೆಡುತ್ತದೆ, ನಿನ್ನ ಹೆಸರು ಕೆಡುತ್ತದೆ. ನಿನಗಾಗಿ ಇಷ್ಟು ಹೇಡಿಯಾದೆನಲ್ಲ ಎಂದು ನನ್ನ ಮೇಲೇ ಹೇಸಿಗೆಯಾಗುತ್ತದೆ.

ಹೋದ ವಾರ ಅವನ ಹೆಂಡತಿ ಕಾಸೀಂಬಿ ಬಂದಳು. ಕುಂದ್ರ ಎಂದರೂ ಕುಳಿತುಕೊಳ್ಳಲಿಲ್ಲ. "ಅಕ್ಕಾರ, ಶೆಡ್ಡ ಮುಚ್ಚಿ ಜತ್ತಕ್ಕ ಕೂಲಿಗಿ ಹೊಂಟಾರ. ನೀವು ಬ್ಯಾಡಂದಿದ್ರಿ ಅಂತ ಒಂದ ಮಾತ ಹೇಳ್ರಿ, ಸಾಕು" ಎಂದಳು. ಅವಳ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ.

ನಿನ್ನೆ ಸಂತೆ. ಸೀಳಿದ ಡ್ರಮ್ಮನ್ನು ಕೈಗಾಡಿಗೆ ಹಾಕಿಸಿಕೊಂಡು ಅದೇ ಹೊಟೇಲಿನ ಮುಂದೆ ನಿಂತೆ. "ಈ ಗಾಲಿ ಮಿಸ್ತ್ರಿ ಬಿಚ್ಚಿದ್ದಿಲ್ಲ. ಬಿಚ್ಚತೀನಿ ಅಂದ್ರ ಬ್ಯಾಡ ಅಂದಾಕಿ ನಾನು. ಹೊಸಾದು ಅಂತ ಹೇಳಿ ಹಳೇದು ಕೊಟ್ಟಾಂವ ನಮ್ಮಣ್ಣ ಶ್ರೀಶೈಲಪ್ಪ" ಎಂದೆ. ಯಾರೋ ನಕ್ಕರು, ಯಾರೋ ತಲೆ ತಗ್ಗಿಸಿದರು. ಮೌಲಾಲಿ ಬಂದು ಡ್ರಮ್ ಇಳಿಸುತ್ತ, "ತವರ ಕಳಕೊಂಡ್ರಲ್ಲ ಅಕ್ಕಾ" ಎಂದ. ಅವನ ಕಣ್ಣು ತುಂಬಿತ್ತು.

ಅವನು ಹೇಳಿದ್ದು ಖರೆ. ಆದರೂ ನನ್ನ ಒಬ್ಬಳ ಮಾತು ಸಾಲದು. ಹೆಂಗಸು, ಅಣ್ಣನ ಮೇಲಿನ ಸಿಟ್ಟಿಗೆ ಹೇಳುತ್ತಾಳೆ ಎನ್ನುವವರು ಇಂದು ಬೆಳಗ್ಗೆಯೇ ಹುಟ್ಟಿಕೊಂಡಿದ್ದಾರೆ. ಪಂಚಮಿಗೆ ನೀನು ಬಾ. ಬಸ್ಸಿಳಿದವನು ನನ್ನ ಮನೆಗೆ ಬರಬೇಡ. ನೆಟ್ಟಗೆ ಆ ಹೊಟೇಲಿಗೆ ಹೋಗಿ, ಆ ಹತ್ತು ಜನರ ಮುಂದೆ, ಮೌಲಾಲಿಯ ಮುಖ ನೋಡಿ, ನಿನ್ನ ಬಾಯಿಂದಲೇ ಹೇಳು. ಹೇಳಿದರೆ ಅಲ್ಲಿಂದಲೇ ನಿನ್ನ ಹಿಂದೆ ತಿಕೋಂಡಿಯ ಬಸ್ಸು ಹತ್ತುತ್ತೇನೆ. ಹೇಳದಿದ್ದರೆ ನಾನು ಅಣ್ಣನಿಲ್ಲದೆ ಹುಟ್ಟಿದವಳು.

ಅತ್ತಿಗೆಗೂ ಮಕ್ಕಳಿಗೂ ಶಿವ ಒಳ್ಳೆಯದು ಮಾಡಲಿ. ನಿನಗಾಗಿ ಏನು ಬೇಡಿಕೊಳ್ಳಬೇಕೋ ಪಂಚಮಿಯ ದಿನ ನೋಡಿ ಬೇಡಿಕೊಳ್ಳುತ್ತೇನೆ.

ಗೌರವ್ವ
ಉಮದಿ